ಲೆನ್ಸಿನೊಳಗಿನ ಎಳೆಗಳು

ರಾಣೆಬೆನ್ನೂರು
14 ಜುಲೈ 2003

ರುದ್ರಮುನಿ ಕಾಕಾ ಅವರಿಗೆ,

ನಿಮ್ಮ ಲೆನ್ಸು ಒಂದು ಗೀರೂ ಇಲ್ಲದೆ ಬಂದು ಮುಟ್ಟಿತು. ಗಂಟು ಬಿಚ್ಚುತ್ತಿದ್ದಂತೆ ಪುಷ್ಪಾವತಿ, "ಇದೇನ್ರಿ, ನಿಮ್ಮ ಕಾಕಾ ಬೋರಿನ ಪೈಪ್ ಕಳಿಸ್ಯಾರಲ್ಲ!" ಎಂದು ನಕ್ಕಳು. ಹೆಂಡತಿಯಾದವಳು ನಗಲಿ ಬಿಡಿ. ಮಾಳಿಗೆ ಹತ್ತಿ ಕ್ಯಾಮೆರಾಕ್ಕೆ ಸಿಕ್ಕಿಸಿ ನೋಡಿದೆ. ಬೀದಿಯಾಚೆಯ ಬೇವಿನಲ್ಲಿ ಕೂತ ಕಾಗೆಯ ಕಣ್ಣು ಹೊಳೆಯುವುದು ಕಂಡಿತು. ಮೊಣಕಾಲು ಕೈಕೊಟ್ಟಿತೆಂದು, ಇಷ್ಟು ವರ್ಷ ಹೆಗಲ ಮೇಲೆ ಹೊತ್ತ ಲೆನ್ಸನ್ನು ಯಾರಾದರೂ ಹೀಗೆ ಕೊಟ್ಟುಬಿಡುತ್ತಾರೆಯೇ? 

ಈಗ ನನ್ನ ಸುದ್ದಿ ಕೇಳಿ. ಎರಲಡ್ಡು ಇದೆ! ಸೊಂಟದೆತ್ತರದ ಆ ಹಕ್ಕಿ ನಮ್ಮ ಕಡೆ ಮುಗಿದೇ ಹೋಯಿತೆಂದು ಎಲ್ಲರೂ ಕೈತೊಳೆದುಕೊಂಡಿದ್ದಾರಲ್ಲ, ಅದು ನನ್ನ ಕಣ್ಣೆದುರು ನಿಂತಿತ್ತು. ಮೇಡ್ಲೇರಿಯಲ್ಲಿ ನಮ್ಮ ಬೀಜದ ಕಂಪನಿಯ ಪ್ಲಾಟು ನೋಡಿಕೊಂಡು ಐರಣಿ ದಾರಿಯಲ್ಲಿ ಬೈಕಿನ ಮೇಲೆ ಬರುತ್ತಿದ್ದೆ. ಹುಲ್ಲಿನ ಬಯಲಿನಲ್ಲಿ ಗಂಡುಹಕ್ಕಿ ಕತ್ತು ಉಬ್ಬಿಸಿಕೊಂಡು ನಿಂತಿತ್ತು. ನನ್ನ ಸಣ್ಣ ಲೆನ್ಸಿನಲ್ಲಿ ತೆಗೆದ ಪಟವನ್ನು ಹಾವೇರಿಯ ಗೆಳೆಯರಿಗೆ ತೋರಿಸಿದರೆ, "ಇದು ನವಿಲ ಐತೋ ಏನ್ ಐತೋ ಮೊದ್ಲ ನೀನ ಹೇಳಪಾ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನು ಒಂದೇ ಒಂದು ಪಟ ಬೇಕು, ಕಾಕಾ. ಗರಿ ಗರಿಯೂ ಕಾಣುವಂಥದ್ದು. ಅವರ ಬಾಯಿ ಮುಚ್ಚಿಸುತ್ತೇನೆ.

ನಿಮ್ಮ
ದುರುಗೇಶ


ಡೊಂಬಿವಲಿ
2 ಆಗಸ್ಟ್ 2003

ಚಿ. ದುರುಗೇಶನಿಗೆ ಆಶೀರ್ವಾದ.

ಹೊಗಳಿಕೆ ಸಾಕು, ಕೆಲಸ ಕೇಳು. ಗೋಣಿತಟ್ಟಿನ ಮರೆ ಕಟ್ಟು, ಅದರ ಮೇಲೆ ಅಲ್ಲಿಯದೇ ಹುಲ್ಲು ಹಾಕು. ಹಕ್ಕಿಗೆ ಅದು ರೂಢಿಯಾಗುವವರೆಗೆ ಒಳಗೆ ಕಾಲಿಡಬೇಡ. ಲೆನ್ಸಿನ ಕೆಳಗೆ ಮರಳಿನ ಚೀಲ ಇರಲಿ. ಎಡಗಣ್ಣು ಮುಚ್ಚಿ ಬಲಗಣ್ಣನ್ನು ಕ್ಯಾಮೆರಾದ ಫೈಂಡರಿಗೆ ಒತ್ತಿ ಹಿಡಿ, ಉಸಿರು ಬಿಗಿಹಿಡಿದು ಫೋಕಸ್ ರಿಂಗು ತಿರುಗಿಸು. ಹಕ್ಕಿಯ ಕಣ್ಣು ಸ್ಪಷ್ಟವಾಗಿ ಕಂಡ ಮೇಲೆ ಒತ್ತು. ಕಣ್ಣು ಮಸುಕಾದ ಪಟ ನನ್ನ ಲೆಕ್ಕದಲ್ಲಿ ಪಟವೇ ಅಲ್ಲ, ಕಸ.

ರೋಲುಗಳನ್ನು ನನಗೇ ಕಳಿಸು. ಸ್ಲೈಡ್ ಫಿಲ್ಮು ತೊಳೆಯುವವರು ನಿಮ್ಮೂರಲ್ಲಿ ಎಲ್ಲಿ ಸಿಗಬೇಕು! ಇಲ್ಲಿ ತೊಳೆಸಿ, ನೋಡಿ, ಬಯ್ದು ಬರೆಯುತ್ತೇನೆ. ಫೋನು ಮಾಡಬೇಡ. ನನ್ನ ಕಿವಿಗೆ ಈಗ ಫೋನಿನ ಗಂಟೆಯ ಸದ್ದು ಮಾತ್ರ ಕೇಳಿಸುತ್ತದೆ, ಅದರೊಳಗಿನ ಮಾತು ಕೇಳಿಸುವುದಿಲ್ಲ.

ರುದ್ರಮುನಿ


ರಾಣೆಬೆನ್ನೂರು
21 ಸೆಪ್ಟೆಂಬರ್ 2003

ಕಾಕಾ,

ರೋಲು ಕಳಿಸಿದ್ದೇನೆ. ಎರಲಡ್ಡು ಇನ್ನೂ ದೂರದಲ್ಲೇ ಆಡಿಸುತ್ತಿದೆ. ಸದ್ಯ ಬಯಲಿನ ಕೃಷ್ಣಮೃಗಗಳ ಮೇಲೆ, ನಮ್ಮ ಚಿಗರಿಗಳ ಮೇಲೆ, ಕೈ ಪಳಗಿಸುತ್ತಿದ್ದೇನೆ. ಒಂದು ಮಾತು, ತಪ್ಪು ತಿಳಿಯಬೇಡಿ. ನಿಮ್ಮ ಲೆನ್ಸಿನೊಳಗೆ ಕಪ್ಪು ಎಳೆಗಳಿವೆ. ಆಕಾಶದ ಕಡೆ ಹಿಡಿದರೆ ಚೆನ್ನಾಗಿ ಕಾಣುತ್ತವೆ, ಜೇಡರ ಬಲೆಯ ಚೂರಿನ ಹಾಗೆ. ನಾನು ಕ್ಯಾಮೆರಾ ಹೊರಳಿಸಿದಂತೆ ಅವೂ ತೇಲಾಡುತ್ತವೆ. ಮೊದಲು ನನ್ನ ದಪ್ಪ ಗಾಜಿನ ಕನ್ನಡಕದ್ದೇ ಕೊಳೆ ಎಂದುಕೊಂಡು ಅಂಗಿಯ ತುದಿ ಹರಿಯುವ ಹಾಗೆ ತಿಕ್ಕಿದೆ. ಅಲ್ಲ. ಕ್ಯಾಮೆರಾ ಕೆಳಗಿಟ್ಟು ಎರಡೂ ಕಣ್ಣು ಬಿಟ್ಟು ನೋಡಿದರೆ ಲೋಕವೆಲ್ಲ ನಿಚ್ಚಳ. ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಮಾತ್ರ ಈ ಎಳೆಗಳು.

ಏನು ಮಾಡಲಿ ತಿಳಿಸಿ.

ದುರುಗೇಶ


ಡೊಂಬಿವಲಿ
6 ಅಕ್ಟೋಬರ್ 2003

ದುರುಗೇಶ,

ಸ್ಲೈಡು ನೋಡಿದೆ. ಚಿಗರಿಯ ಕೊಂಬಿನ ಸುರುಳಿ ಮೇಣ ಕರಗಿದ ಹಾಗಿದೆ. ಎಲ್ಲವೂ ಮಸುಕು.

ಎಳೆ ಎಂದೆಯಲ್ಲ, ಅದು ಬೂಷ್ಟು. ಮಳೆಗಾಲದಲ್ಲಿ ಗಾಜಿನ ಒಳಗೆ ಬೆಳೆಯುತ್ತದೆ. ನಾನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗ ಕಣೋ. ಹಸಿ ಆರದ ಕಾಯಿಯ ಚೀಲಕ್ಕೆ ಕೈ ಹಾಕಿದರೆ ಸಾಕು, ಮೂಗಿಗೆ ತರುವ ಮೊದಲೇ ಬೂಷ್ಟು ಹಿಡಿದಿದೆಯೋ ಇಲ್ಲವೋ ಎಂದು ಹೇಳುತ್ತಿದ್ದೆ. ಅಂಗಡಿಗೆ ಬಂದವರು ಬೆಕ್ಕಸ ಬೆರಗಾಗುತ್ತಿದ್ದರು. ಬೂಷ್ಟಿನ ವಿಷಯ ನನಗೆ ಯಾರೂ ಕಲಿಸಬೇಕಿಲ್ಲ. ತಪ್ಪು ನಿನ್ನದಲ್ಲ, ಲೆನ್ಸಿನದೂ ಅಲ್ಲ, ನಿಮ್ಮ ಹೊಳೆಸಾಲಿನ ತೇವದ್ದು. ಲೆನ್ಸು ನನಗೆ ಕಳಿಸು. ಇಲ್ಲಿ ಸಲಾವುದ್ದೀನ ಎಂಬ ರಿಪೇರಿಯವನಿದ್ದಾನೆ, ಬಿಚ್ಚಿ ತೊಳೆಸುತ್ತೇನೆ. ಚಿಂತೆ ಬಿಡು.

ರುದ್ರಮುನಿ


ರಾಣೆಬೆನ್ನೂರು
19 ನವೆಂಬರ್ 2003

ಕಾಕಾ,

ಲೆನ್ಸು ನಿಮಗೆ ತಲುಪಿರಬೇಕು. ಆದರೆ ನನ್ನ ಹಣೆಬರಹ ನೋಡಿ, ಬೂಷ್ಟು ಕ್ಯಾಮೆರಾಕ್ಕೂ ಹಬ್ಬಿದೆ! ಸಣ್ಣ ಲೆನ್ಸು ಹಾಕಿದರೂ ಅವೇ ಎಳೆಗಳು. ಮೇಲಿಂದ ಫೈಂಡರಿನ ಅಂಚಿನಲ್ಲಿ ಎಲ್ಲಿಂದಲೋ ಬೆಳಕು ಬೇರೆ ಸೋರುತ್ತಿದೆ. ಕಣ್ಣು ಹೊರಳಿಸಿದಾಗ ಫಳ್ ಎನ್ನುತ್ತದೆ, ಮಿಂಚಿದ ಹಾಗೆ. ಸಂಧಿಗೆಲ್ಲ ಕರಿ ಟೇಪು ಸುತ್ತಿದ್ದಾಯಿತು, ನಿಂತಿಲ್ಲ.

ನಗಬೇಡಿ, ನಿನ್ನೆ ಪುಷ್ಪಾವತಿಗೂ ತೋರಿಸಿದೆ. ಅವಳು ತುಂಬ ಹೊತ್ತು ನೋಡಿ, "ನನಗೇನೂ ಎಳಿ ಕಾಣವಲ್ದು ನೋಡ್ರಿ. ಎಲ್ಲಾ ಛಂದ ಕಾಣಾಕತ್ತೇತಿ" ಎಂದಳು.

"ನಿನಗ ನೋಡಾಕ ಬರೂದಿಲ್ಲ, ಕೊಡ ಇಲ್ಲಿ" ಎಂದು ಕಸಿದುಕೊಂಡೆ. "ಬರದಿದ್ರ ಯಾಕ ತೋರಿಸಿದ್ರಿ?" ಎಂದು ಸಿಡುಕಿ ಒಳಗೆ ಹೋದಳು. ಕ್ಯಾಮೆರಾ ಅಂದರೆ ಸವತಿ ಎಂದೇ ಅವಳ ಲೆಕ್ಕ.

ದುರುಗೇಶ


ಡೊಂಬಿವಲಿ
8 ಜನವರಿ 2004

ದುರುಗೇಶ,

ಹೆಂಗಸರಿಗೆ ಲೆನ್ಸಿನ ದೋಷ ಕಾಣಿಸಿಬಿಟ್ಟರೆ ನಾವೆಲ್ಲ ಇಷ್ಟು ವರ್ಷ ಕಣ್ಣು ಪಳಗಿಸಿದ್ದು ಯಾತಕ್ಕೆ? ಅವಳ ಮಾತು ಬಿಡು.

ಸಲಾವುದ್ದೀನ ಲೆನ್ಸು ಬಿಚ್ಚಿದ. ಒಂದೊಂದೇ ಗಾಜನ್ನು ದೀಪಕ್ಕೆ ಹಿಡಿದು ನೋಡಿ, "ಸಾಹೇಬ್, ಇದರಲ್ಲಿ ಏನೂ ಇಲ್ಲ, ಗಾಜು ನೀರಿನಂತೆ ತಿಳಿಯಾಗಿದೆ. ನೋಡುವವರಿಗೆ ಒಮ್ಮೆ ಕಣ್ಣು ತೋರಿಸಿಕೊಳ್ಳಲು ಹೇಳಿ" ಎಂದ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಮುದುಕನ ಕಣ್ಣೇ ಮಂಜಾಗಿದೆ, ಸ್ಕ್ರೂ ಹುಡುಕಲು ಮೇಜೆಲ್ಲ ತಡಕಾಡುತ್ತಾನೆ. ಅವನಿಗೆ ಬೂಷ್ಟು ಎಲ್ಲಿ ಕಾಣಬೇಕು! ಬಯ್ದು, ಎದುರಿಗೇ ಕೂತು ಔಷಧಿ ಹಾಕಿ ತೊಳೆಸಿದ್ದೇನೆ. ಈ ವಾರವೇ ಕಳಿಸುತ್ತೇನೆ.

ಕ್ಯಾಮೆರಾವನ್ನು ದಿನವೂ ಎಳೆಬಿಸಿಲಿಗೆ ಇಡು. ಬೂಷ್ಟು ಸಾಯುತ್ತದೆ. ಚೈತ್ರ ಬರುವುದರೊಳಗೆ ಎಲ್ಲ ಸರಿಹೋಗುತ್ತದೆ, ನನ್ನ ಮಾತು ಕೇಳು.

ರುದ್ರಮುನಿ


ರಾಣೆಬೆನ್ನೂರು
11 ಮಾರ್ಚ್ 2004

ಕಾಕಾ,

ಲೆನ್ಸು ಬಂದು ಮುಟ್ಟಿತು, ಕ್ಯಾಮೆರಾವನ್ನೂ ಬಿಸಿಲಿಗಿಟ್ಟೆ. ಎಳೆಗಳು ಕಡಿಮೆಯಾಗಿಲ್ಲ, ಈಗ ಮಸಿ ಉದುರಿಸಿದ ಹಾಗೆ ಚುಕ್ಕೆಗಳೂ ಸೇರಿಕೊಂಡಿವೆ. ಹೊಸದೊಂದು ಕಾಟ ಶುರುವಾಗಿದೆ: ಫೈಂಡರಿನ ಮೇಲ್ಭಾಗದಲ್ಲಿ ಕಪ್ಪು ಪಟ್ಟಿ, ಅರ್ಧ ಇಳಿಬಿಟ್ಟ ಪರದೆಯಂತೆ. ಮೊದಲು ತೆಳ್ಳಗಿತ್ತು. ಈಗ ಚಿಗರಿಯ ಕೊಂಬು ನೋಡಬೇಕೆಂದರೆ ಕ್ಯಾಮೆರಾ ಮೇಲಕ್ಕೆ ಎತ್ತಬೇಕು.

ಮಳೆ ಬಿದ್ದರೆ ಎರಲಡ್ಡು ಮತ್ತೆ ಕುಣಿಯಲು ಬರುತ್ತದೆ. ಅಷ್ಟರೊಳಗೆ ಏನಾದರೂ ಮಾಡಿ. ರಾತ್ರಿ ನಿದ್ದೆ ಹತ್ತುತ್ತಿಲ್ಲ. ಪುಷ್ಪಾವತಿಗೆ ಏನೂ ಹೇಳಿಲ್ಲ. ಹೇಳಿದರೆ ಕ್ಯಾಮೆರಾವನ್ನೇ ಹೊಳೆಗೆ ಎಸೆಯಬಹುದು.

ದುರುಗೇಶ


ಡೊಂಬಿವಲಿ
24 ಮಾರ್ಚ್ 2004

ದುರುಗೇಶ,

ಇಷ್ಟಕ್ಕೇ ಹೆದರಿದೆಯಾ? ಕ್ಯಾಮೆರಾದೊಳಗಿನ ಕನ್ನಡಿಯ ಮೇಲೆ ಮೆತ್ತನೆಯ ಸ್ಪಂಜಿನ ಪಟ್ಟಿ ಇರುತ್ತದೆ. ಹಳೆಯದಾದಾಗ ಕಿತ್ತು ಜೋತುಬೀಳುತ್ತದೆ. ನೀನು ಕಂಡ ಪರದೆ ಅದೇ. ಸಾಕ್ಷಿ ಬೇಕೇ? ನಿನ್ನ ಸ್ಲೈಡುಗಳನ್ನು ಮತ್ತೆ ಮತ್ತೆ ನೋಡಿದೆ. ಒಂದರಲ್ಲೂ ಕಪ್ಪು ಪಟ್ಟಿ ಇಲ್ಲ. ಅಂದರೆ ತೊಂದರೆ ಇರುವುದು ನೋಡುವ ಕಡೆ, ಫಿಲ್ಮಿನ ಕಡೆ ಅಲ್ಲ. ಪಟಕ್ಕೆ ಯಾವ ಬಾಧೆಯೂ ಇಲ್ಲ. ಸ್ಟುಡಿಯೋದವನ ಕಡೆ ಒಯ್ದು ಆ ಪಟ್ಟಿ ಕೀಳಿಸಿಬಿಡು.

ಎರಲಡ್ಡಿನ ಪಟಕ್ಕೆ ಗೋಡೆಯ ಮೇಲೆ ಜಾಗ ಮಾಡಿಟ್ಟಿದ್ದೇನೆ.

ರುದ್ರಮುನಿ


ಡೊಂಬಿವಲಿ
30 ಮೇ 2004

ದುರುಗೇಶ,

ಎರಡು ಕಾಗದ ಬರೆದೆ, ಉತ್ತರವಿಲ್ಲ. ಮುಖ ಊದಿಸಿಕೊಂಡಿದ್ದೀಯೋ? ಲೆನ್ಸು ಕೆಟ್ಟದ್ದು ಕೊಟ್ಟ ಮುದುಕ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೀಯೋ? ಇಷ್ಟವಿಲ್ಲದಿದ್ದರೆ ಲೆನ್ಸು ವಾಪಸು ಕಳಿಸಿಬಿಡು. ನನಗೂ ಮನಸ್ಸಿಗೆ ನೋವಾಗುತ್ತದೆ.

ರುದ್ರಮುನಿ


ರಾಣೆಬೆನ್ನೂರು
16 ಜೂನ್ 2004

ಕಾಕಾರಿಗೆ ಪುಷ್ಪಾವತಿ ಮಾಡುವ ನಮಸ್ಕಾರಗಳು.

ಫೋನ್ ಮಾಡಿದ್ದೆ. ನೀವು "ಯಾರು, ಯಾರು" ಅಂದು ಇಟ್ಟುಬಿಟ್ರಿ. ನನಗ ನಿಮ್ಮಂಗ ಬರಿಯಾಕ ಬರೂದಿಲ್ಲ, ಮಾತಾಡಿದಂಗ ಬರೀತೇನಿ.

ಹೋದ ತಿಂಗಳ ಮೇಡ್ಲೇರಿ ಪ್ಲಾಟಿಗೆ ನಾನೂ ಹೋಗಿದ್ದೆ. ಮಟಮಟ ಮಧ್ಯಾಹ್ನ. ಗಾಳಿಗೆ ಅವರ ಎಡಗಣ್ಣಾಗ ಹೊಟ್ಟು ಬಿತ್ತು. ನಾ ಸೆರಗಿನ ಚುಂಗು ಮಡಚಿ, ಆ ಕಣ್ಣ ಮುಚ್ಚಿ ಒತ್ತಿ ಹಿಡಿದೆ. ಆಗ ಇವರು ಅಂದ್ರು, "ಪುಷ್ಪಾ, ಇಷ್ಟ ಲಗೂ ಕತ್ತಲಾತೇನ?" ನಾ ಚ್ಯಾಷ್ಟಿ ಮಾಡಾಕತ್ತಾರ ಅಂತ ನಕ್ಕೆ. ಆಮ್ಯಾಗ ಅವರು ಗಾಳ್ಯಾಗ ಕೈ ಆಡಿಸಿ ನನ್ನ ಮಾರಿ ಹುಡಕೂದು ನೋಡಿದೆ.

ಹುಬ್ಬಳ್ಳಿಗೆ ಕರಕೊಂಡು ಹೋದ್ವಿ. ಬಲಗಣ್ಣಿನ ಒಳಗಿನ ಪೊರಿ, ರೆಟಿನಾ ಅಂತಾರಂತ, ಪೂರಾ ಕಿತ್ತು ಬಂದೈತಿ ಅಂದ್ರು. ಎಳಿ ಕಂಡಾಗ, ಮಿಂಚು ಕಂಡಾಗ ಬಂದಿದ್ರ ಲೇಸರ್ ಹಾಕಿ ಒಂದು ತಾಸಿನಾಗ ಮನಿಗೆ ಕಳಸ್ತಿದ್ವಿ, ಇಷ್ಟು ತಿಂಗಳು ಏನ್ ಮಾಡಾಕತ್ತಿದ್ರಿ ಅಂತ ಡಾಕ್ಟರು ಬೈದ್ರು. ಇವರು, "ಕ್ಯಾಮೆರಾ ರಿಪೇರಿ ಮಾಡಸಾಕತ್ತಿದ್ದೆ" ಅಂದ್ರು. ಡಾಕ್ಟರಿಗೆ ತಿಳೀಲಿಲ್ಲ. ಆಪರೇಶನ್ ಮಾಡ್ಯಾರ. ಕಣ್ಣು ಬಂದಿಲ್ಲ. ಬರೂದೂ ಇಲ್ಲಂತ.

ಎಡಗಣ್ಣಿನ ಪೊರಿನೂ ಹಂಗ ತೆಳ್ಳಗ ಐತಂತ. ಲಗೂ ಲೇಸರ್ ಹಾಕಸ್ಬೇಕು ಅಂದಾರ. ನಾವು ಹೇಳಿದ್ರ ಕೇಳವಲ್ರು. ನಿಮ್ಮ ಮಾತು ಕೇಳ್ತಾರ. ಬರೀರಿ.

ಪುಷ್ಪಾವತಿ


ಡೊಂಬಿವಲಿ
23 ಜೂನ್ 2004

ದುರುಗೇಶ,

 ಬರೆದು ಹರಿದು ಹಾಕಿದ್ದಾಯಿತು. ನಾನು ಮೂರ್ಖ. ಗಾಜು ನೋಡಿದೆ, ಕನ್ನಡಿ ನೋಡಿದೆ, ಸ್ಪಂಜು ನೋಡಿದೆ. ನಿನ್ನನ್ನು ನೋಡಲಿಲ್ಲ. ನಿನ್ನ ಕಣ್ಣು ನನ್ನ ಬಾಯಿಂದ ಹೋಯಿತು ಕಣೋ.

ಈ ಕಾಗದ ಸಿಕ್ಕ ಕೂಡಲೇ ಹುಬ್ಬಳ್ಳಿ ಬಸ್ಸು ಹತ್ತು. ಎಡಗಣ್ಣಿಗೆ ಲೇಸರ್ ಹಾಕಿಸಿಕೋ. ಬೇರೇನೂ ಕೇಳುವುದಿಲ್ಲ.

ರುದ್ರಮುನಿ


ರಾಣೆಬೆನ್ನೂರು
19 ಜುಲೈ 2004

ಕಾಕಾ,

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಅತ್ತು ಉಪಯೋಗವಿಲ್ಲ, ನೀವೂ ಅಳಬೇಡಿ. ಕಣ್ಣು ನನ್ನದು, ಅದರ ಮೇಲಿನ ಬುದ್ಧಿಯೂ ನನ್ನದೇ ಇತ್ತು.

ಲೇಸರ್ ಹಾಕಿಸಿಕೊಳ್ಳುತ್ತೇನೆ, ಹಾಕಿಸಿಕೊಳ್ಳುವುದಿಲ್ಲ ಅಂದವರಾರು? ಅದಾದ ಮೇಲೆ ಕೆಲವು ವಾರ ಬೈಕು ಬೇಡ, ಭಾರ ಎತ್ತಬೇಡ, ಬಗ್ಗಬೇಡ ಎನ್ನುತ್ತಾರೆ. ಮಳೆ ಬಿದ್ದಿದೆ. ಹುಲ್ಲು ಚಿಗುರಿದೆ. ಎರಲಡ್ಡು ಬರುವುದು ಇದೇ ವಾರಗಳಲ್ಲಿ. ಮುಂದಿನ ವರ್ಷ ಅದು ಇರುತ್ತದೆ ಎಂದು ಯಾರು ಬರೆದುಕೊಡುತ್ತಾರೆ? ಎಡಗಣ್ಣಿನಲ್ಲಿ ಈಗ ಒಂದು ಎಳೆಯೂ ಇಲ್ಲ, ಬೆಳಗಿನಂತೆ ತಿಳಿಯಾಗಿದೆ. ಹಕ್ಕಿ ಮೊದಲು, ಲೇಸರ್ ಆಮೇಲೆ.

ಎಡಗಣ್ಣಿನಿಂದ ಪಟ ತೆಗೆಯುವುದು ಮಾತ್ರ ತ್ರಾಸು. ಫಿಲ್ಮು ಎಳೆಯುವ ಸನ್ನೆಕೋಲು ಪ್ರತಿ ಸಲ ಹಣೆಗೆ ಚುಚ್ಚುತ್ತದೆ, ಫೈಂಡರಿನಿಂದ ಕಣ್ಣು ತೆಗೆಯಬೇಕಾಗುತ್ತದೆ. ನಿಮ್ಮ ಹತ್ತಿರ ಹಳೆಯ ಮೋಟಾರು ವೈಂಡರ್ ಇತ್ತಲ್ಲ, ತಾನೇ ಫಿಲ್ಮು ಎಳೆಯುವಂಥದ್ದು. ಅದನ್ನು ಕಳಿಸಿ.

ದುರುಗೇಶ


ಡೊಂಬಿವಲಿ
27 ಜುಲೈ 2004

ದುರುಗೇಶ,

ಕಳಿಸುವುದಿಲ್ಲ. ಲೇಸರ್ ಆಗಿದೆ ಎಂದು ಪುಷ್ಪಾವತಿ ತನ್ನ ಕೈಯಾರೆ ಬರೆಯಲಿ, ಮರುದಿನ ಕಳಿಸುತ್ತೇನೆ. ಹಕ್ಕಿ ಹಾಳಾಗಿ ಹೋಗಲಿ. ಇಷ್ಟು ವರ್ಷದಲ್ಲಿ ನಾನು ಇಂಥ ಮಾತು ಬರೆದದ್ದು ಇದೇ ಮೊದಲು. ಬೇಡಿಕೊಳ್ಳುತ್ತೇನೆ, ಹೋಗು.

ರುದ್ರಮುನಿ


ರಾಣೆಬೆನ್ನೂರು
4 ಅಕ್ಟೋಬರ್ 2004

ಕಾಕಾ,

ಈ ಕಾಗದದ ಜೋಡಿ ಇವರದೊಂದು ರೋಲ್ ಐತಿ. ತೊಳಸ್ರಿ.

ನೀವು ವೈಂಡರ್ ಕಳಸ್ಲಿಲ್ಲ. ಇವರು ಹೋಗೂದು ಬಿಡಲಿಲ್ಲ. "ಪ್ಲಾಟಿಗೆ ಹೊಂಟೇನಿ" ಅಂತ ಹೇಳಿ ಬೈಕ್ ಮ್ಯಾಲೆ ಹೋಗಿ ಮರ್ಯಾಗ ಕುಂದರತಿದ್ರು. ಹಣಿ ಮ್ಯಾಲೆ ಗಾಯ ಆಗಿತ್ತು, ಕೇಳಿದ್ರ ಬಾಗಲಾ ಬಡೀತು ಅಂದ್ರು. ಎಡಗಣ್ಣಾಗ ಎಳಿ ಬಂದದ್ದೂ ಹೇಳಲಿಲ್ಲ. ಕಡೀಕ ಐರಣಿ ಮಂದಿ ಎತ್ತಿನ ಗಾಡ್ಯಾಗ ಹಾಕ್ಕೊಂಡು ಬಂದ್ರು. ದಾರಿ ಕಾಣದಂಗಾಗಿ ಹೊಲದ ಬದುವಿನ ಮ್ಯಾಲೆ ಕುಂತಿದ್ರಂತ, ಕ್ಯಾಮೆರಾ ತೊಡಿ ಮ್ಯಾಲೆ ಇಟಗೊಂಡು. ಮತ್ತ ಹುಬ್ಬಳ್ಳಿಗೆ ಹೋದ್ವಿ, ಮತ್ತ ಆಪರೇಶನ್ ಆತು. ಈಗ ಬೆಳಕು ತಿಳೀತೈತಿ, ಎದುರಿಗೆ ಮಂದಿ ಬಂದ್ರ ನೆರಳಿನಂಗ ಕಾಣತಾರಂತ. ಅಷ್ಟ.

ನಿಮ್ಮ ಹಳೇ ಕಾಗದ ಎಲ್ಲಾ ಈಗ ಓದಿದೆ. ನನಗ ಹೊಟ್ಟಿ ಉರದೈತಿ, ಕಾಕಾ. ನಾ ಕ್ಯಾಮೆರಾದಾಗ ನೋಡಿ ಏನೂ ಇಲ್ಲ ಅಂದಿದ್ದೆ. ನೀವಿಬ್ಬರೂ ಕೂಡಿ ನಕ್ರಿ. ನನ್ನ ಒಂದ ಸಲ ಮತ್ತ ಕೇಳಿದ್ರ ಏನ್ ಗಂಟು ಹೋಗತಿತ್ತು ನಿಮ್ದು?

ಪಟ ಬಂದೈತೇನು ಅಂತ ದಿನಾ ಕೇಳ್ತಾರ. ನಿಮ್ಮ ಕಾಗದ ಓದಿ ಹೇಳಾಕಿ ನಾನ. ನನಗ ಓದಾಕ ಸುಳ್ಳು ಬರದು ಕಳಸಬ್ಯಾಡ್ರಿ. ಛಲೋ ಇದ್ರ ಛಲೋ ಅನ್ರಿ, ಇಲ್ಲಾಂದ್ರ ಇಲ್ಲ ಅನ್ರಿ.

ಪುಷ್ಪಾವತಿ


ಡೊಂಬಿವಲಿ
22 ಅಕ್ಟೋಬರ್ 2004

ದುರುಗೇಶನಿಗೆ, ಓದಿ ಹೇಳುವ ಪುಷ್ಪಾವತಿಗೆ,

ನಿನಗೆ ಗೊತ್ತಿದೆ, ಸ್ಲೈಡ್ ಫಿಲ್ಮಿಗೆ ಬೆಳಕೇ ತಾಗದಿದ್ದರೆ ತೊಳೆದಾಗ ಅದು ಕಪ್ಪಾಗಿ ಬರುತ್ತದೆ. ನಿನ್ನ ರೋಲು ಮೊದಲಿನಿಂದ ಕೊನೆಯವರೆಗೆ ಕಪ್ಪು. ಎರಡು ಸಲ ದೀಪಕ್ಕೆ ಹಿಡಿದು ನೋಡಿದೆ, ಆಮೇಲೆ ಸಲಾವುದ್ದೀನನಿಗೂ ಕೊಟ್ಟೆ. ಅವನು ಹೇಳಿದ್ದನ್ನು ಈ ಸಲ ಬಾಯಿ ಮುಚ್ಚಿಕೊಂಡು ಕೇಳಿದೆ. ಫಿಲ್ಮಿನ ತುದಿ ಕ್ಯಾಮೆರಾದೊಳಗೆ ಅದನ್ನು ಎಳೆಯುವ ಸುರುಳಿಯ ಸೀಳಿಗೆ ಸಿಕ್ಕಿಯೇ ಇರಲಿಲ್ಲ. ನೀನು ಸನ್ನೆ ಎಳೆದಿದ್ದೀಯ, ಒತ್ತಿದ್ದೀಯ, ಒಳಗೆ ಫಿಲ್ಮು ಮಾತ್ರ ಅಲುಗಿಲ್ಲ. ಹಾಕುವಾಗ ನಿನಗೆ ಅದು ಕಂಡಿರಲಿಕ್ಕಿಲ್ಲ. ಕ್ಯಾಮೆರಾದಲ್ಲಿ ಯಾವ ದೋಷವೂ ಇಲ್ಲ.

ಸುಳ್ಳು ಬರೆಯಲು ಕೈ ತುಡಿಯುತ್ತಿತ್ತು. ಪುಷ್ಪಾವತಿ ಬೇಡವೆಂದರು, ಬರೆಯಲಿಲ್ಲ.

ಆದರೆ ಇಡೀ ರೋಲು ಒತ್ತಿದ್ದೀಯ ಎಂದರೆ ನೀನು ಹಕ್ಕಿಯನ್ನು ಕಂಡಿದ್ದೀಯ. ಪಟ ಹೋದರೆ ಹೋಗಲಿ. ಅದು ಎಷ್ಟು ಹತ್ತಿರ ಬಂತು, ಕತ್ತು ಹೇಗೆ ಉಬ್ಬಿಸಿತು, ಕಣ್ಣು ಹೇಗಿತ್ತು, ಎಲ್ಲ ಬಿಡಿಸಿ ಹೇಳು. ಪುಷ್ಪಾವತಿ ಬರೆಯಲಿ. ನಾನು ಅದನ್ನೇ ಪಟವೆಂದು ಇಟ್ಟುಕೊಳ್ಳುತ್ತೇನೆ.

ರುದ್ರಮುನಿ


ರಾಣೆಬೆನ್ನೂರು
9 ನವೆಂಬರ್ 2004

ಕಾಕಾ,

ನಾನು ಹೇಳುತ್ತಿದ್ದೇನೆ, ಪುಷ್ಪಾವತಿ ಬರೆಯುತ್ತಿದ್ದಾಳೆ. ತಿದ್ದಬೇಡ ಎಂದಿದ್ದೇನೆ.

ರೋಲು ಕಪ್ಪು ಎಂದು ಇವಳು ಓದಿದಾಗ ನನಗೆ ಸಿಟ್ಟು ಬರಲಿಲ್ಲ.  ಪುಷ್ಪಾವತಿ ಚಹಾ ತಂದು ಕೈಗೆ ಕೊಟ್ಟಳು, ಕುಡಿದೆ. ಆಮೇಲೆ ನೀವು ಕೇಳಿದ್ದನ್ನು ಹೇಳಬೇಕೆಂದು ಆ ದಿನವನ್ನು ನೆನೆಸಿಕೊಳ್ಳುತ್ತ ಹೋದೆ.

ಮಳೆ ನಿಂತು ಬಿಸಿಲು ಬಿದ್ದಿತ್ತು. ಹುಲ್ಲಿನ ನಡುವೆ ಬೆಳ್ಳಗೆ ಏನೋ ಎದ್ದು ನಿಂತಿತು. ಎತ್ತರವಿತ್ತು.  ರಿಂಗನ್ನು ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ಎಲ್ಲಿಗೆ ತಿರುಗಿಸಿದರೂ ಅದು ಒಂದೇ ಥರ ಕಾಣುತ್ತಿತ್ತು. ಎಳೆಗಳಿದ್ದವು, ಮಿಂಚಿತ್ತು, ಪರದೆ ಇಳಿಯುತ್ತಿತ್ತು. ಈ ಸಲ ಅವು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎದ್ದು ಬಂದಿದ್ದರೆ ಅವತ್ತೇ ಹುಬ್ಬಳ್ಳಿ ಮುಟ್ಟುತ್ತಿದ್ದೆ. ಏಳಲಿಲ್ಲ. ಒತ್ತಿದೆ, ಎಳೆದೆ, ಒತ್ತಿದೆ.

ಕತ್ತು ಕಾಣಲಿಲ್ಲ, ಕಾಕಾ. ಕಣ್ಣೂ ಕಾಣಲಿಲ್ಲ. ಅದು ಎರಲಡ್ಡು ಇರಬಹುದು. ಯಾರದೋ ಹೊಲದ ಬೆದರುಗೊಂಬೆಯೂ ಇರಬಹುದು. ನೀವು ಕೇಳುವವರೆಗೆ ಅದು ಹಕ್ಕಿಯೇ ಆಗಿತ್ತು.

ದುರುಗೇಶ